ಅಕ್ಕನ ಮಗಳು ಲೆಕ್ಕ ಕೇಳಿದಾಗ

ಭಾವ ತೀರಿಕೊಳ್ಳುವ ಮೊದಲು ಮೈಸೂರಿನ ಮನೆ ಮತ್ತು ಅದರ ಕೆಳಗಿನ ಎರಡು ಮಳಿಗೆಗಳನ್ನು ಇಬ್ಬರು ಮಕ್ಕಳಿಗಾಗಿ ಟ್ರಸ್ಟ್ ಮಾಡಿ, ಪತ್ರ ರಿಜಿಸ್ಟರ್ ಮಾಡಿಸಿದ್ದರು. ಮಕ್ಕಳ ಪರವಾಗಿ ಆ ಆಸ್ತಿ ನೋಡಿಕೊಳ್ಳುವ ಟ್ರಸ್ಟಿಗಳು ನಾನು ಮತ್ತು ಅವರ ತಮ್ಮ. ಬಾಡಿಗೆ ವಸೂಲಿ ಮಾಡಿ ಮಕ್ಕಳ ಫೀಸು ಕಟ್ಟಿದರೆ ಮುಗೀತು ಅಂದುಕೊಂಡು ಒಪ್ಪಿಕೊಂಡಿದ್ದೆ.

ಮೊದಲ ವರ್ಷವೇ ಎಡವಿದೆ. ಬಾಡಿಗೆ ನನ್ನ ಸ್ವಂತ ಖಾತೆಗೇ ಬರುತ್ತಿತ್ತು. ಒಂದು ಪೈಸೆಯನ್ನೂ ಬಳಸಿಕೊಳ್ಳಲಿಲ್ಲ. ಆದರೆ ನನ್ನ ಪೆನ್ಷನ್ ಯಾವುದು, ಮಕ್ಕಳ ದುಡ್ಡು ಯಾವುದು ಅಂತ ಬಿಡಿಸಲು ಒಂದು ವಾರ ಹಿಡಿಯಿತು. ಆಮೇಲೆ ಟ್ರಸ್ಟ್ ಹೆಸರಿಗೆ ಪ್ಯಾನ್ ಮಾಡಿಸಿ ಬೇರೆ ಖಾತೆ ತೆರೆದೆವು.

ಒಂದು ಮಳಿಗೆ ಖಾಲಿಯಾಯಿತು. ಮೊಬೈಲ್ ಅಂಗಡಿ ಇಡುತ್ತೇನೆ, ಸ್ವಲ್ಪ ಕಡಿಮೆ ಬಾಡಿಗೆಗೆ ಕೊಡಿಸಪ್ಪ ಅಂತ ನನ್ನ ಮಗ ಕೇಳಿದ. ಮನೆಯವರಿಗೆಲ್ಲ ಸರಿ ಅನಿಸಿತ್ತು, ನನಗೂ. ವಕೀಲರು 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 51ನೇ ಕಲಂ ತೋರಿಸಿದರು. ಟ್ರಸ್ಟಿನ ಆಸ್ತಿಯನ್ನು ಟ್ರಸ್ಟಿ ತನ್ನ ಲಾಭಕ್ಕೆ ಬಳಸುವಂತಿಲ್ಲ. ಕಡಿಮೆ ಮಾಡಿದ ಬಾಡಿಗೆ ಆ ಮಕ್ಕಳ ಜೇಬಿನಿಂದಲೇ ಹೋಗುತ್ತದೆ ಅಲ್ವಾ? ಮಗನಿಗೆ ಆಗಲ್ಲ ಅಂದೆ. ಅವನು ಒಂದು ತಿಂಗಳು ಮಾತಾಡಲಿಲ್ಲ. ಆ ತಿಂಗಳು ತುಂಬಾ ಕಷ್ಟವಾಯಿತು.

ಭಾವನ ತಮ್ಮನದು ಇನ್ನೊಂದು ಕಥೆ. "ನೀವೇ ನೋಡ್ಕೊಳ್ಳಿ, ನನಗೆ ನಂಬಿಕೆ ಇದೆ" ಅಂತ ಸುಮ್ನೆ ಸಹಿ ಹಾಕುತ್ತಿದ್ದರು. ಟ್ರಸ್ಟಿಗಳು ಒಂದಕ್ಕಿಂತ ಹೆಚ್ಚಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದಾಗ, ಎಲ್ಲರೂ ಸೇರಿಯೇ ನಿರ್ಧರಿಸಬೇಕು. ವಿಚಾರಿಸದೆ ಕೂತವರ ಮೇಲೂ ಹೊಣೆ ಬರಬಹುದು ಅಂತ ಅವರಿಗೆ ಕೂತು ವಿವರಿಸಿದೆ. ಈಗ ಓದಿ ಸಹಿ ಹಾಕುತ್ತಾರೆ.

ತನ್ನ ಆಸ್ತಿಯಾಗಿದ್ದರೆ ಸಾಧಾರಣ ವಿವೇಕವಿರುವವನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಬೇಕು ಅಂತ ಕಾಯ್ದೆ ಹೇಳುತ್ತದೆ. ನನ್ನ ಪ್ರಕಾರ ಅದಕ್ಕಿಂತ ಜಾಸ್ತಿಯೇ ಬೇಕು. ನನ್ನ ದುಡ್ಡನ್ನು ಸ್ನೇಹಿತರಿಗೆ ಕೈಸಾಲ ಕೊಟ್ಟು ಕಳೆದುಕೊಂಡಿದ್ದೇನೆ. ಇದು ನನ್ನದಲ್ಲ.

ಅಕ್ಕನ ಮಗಳಿಗೆ 18 ತುಂಬಿದ ವಾರ, "ಮಾವ, ಲೆಕ್ಕ ತೋರಿಸ್ತೀರಾ?" ಅಂದಳು. ಮನಸ್ಸಿಗೆ ಚುರುಕ್ ಅಂದಿತು. ಇಷ್ಟು ವರ್ಷ ಒಂದು ರೂಪಾಯಿ ಸಂಬಳವಿಲ್ಲದೆ ಓಡಾಡಿದ್ದೆ. ರಾತ್ರಿ ಯೋಚಿಸಿದಾಗ ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. 19ನೇ ಕಲಂ ಪ್ರಕಾರ ಲೆಕ್ಕ ಸ್ಪಷ್ಟವಾಗಿ ಇಡುವುದೂ ಫಲಾನುಭವಿ, ಅಂದರೆ ಟ್ರಸ್ಟ್ ಯಾರಿಗಾಗಿ ಇದೆಯೋ ಅವರು, ಕೇಳಿದಾಗ ಪೂರ್ತಿ ಮಾಹಿತಿ ಕೊಡುವುದೂ ನನ್ನ ಕರ್ತವ್ಯ. ಮರುದಿನ ಪುಸ್ತಕ, ಪಾಸ್‌ಬುಕ್, ರಸೀದಿ ಫೈಲು ಎಲ್ಲ ಅವಳ ಮುಂದಿಟ್ಟೆ.

ಎರಡು ಗಂಟೆ ನೋಡಿದಳು. "ಪೈಪ್ ರಿಪೇರಿ 1,800 ಅಂತಿದೆ, ರಸೀದಿ ಇಲ್ಲ ಮಾವ" ಅಂದಳು. ಹುಡುಕಿದೆ, ಸಿಗಲಿಲ್ಲ. ಬೇಡ ಅಂತ ಅವಳು ಎಷ್ಟು ಹೇಳಿದರೂ ಸಂಜೆಯೊಳಗೆ ಆ ದುಡ್ಡನ್ನು ಟ್ರಸ್ಟ್ ಖಾತೆಗೆ ಕಟ್ಟಿ ಬಂದೆ.