ಕೊರೆಯುವ ಮೊದಲು ಗೆರೆ ಎಳೆಯುವ ಬಿಟ್

ಐವತ್ತಾರು ತೂತು. ಅಕ್ಕನ ಮಗಳ ಬಾಣಂತನಕ್ಕೆ ತೊಟ್ಟಿಲು ಮಾಡಿಕೊಡುತ್ತೇನೆ ಅಂತ ಎಲ್ಲರೆದುರು ಒಪ್ಪಿಕೊಂಡಾಗ ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ. ಒಂದು ಪಕ್ಕಕ್ಕೆ ಹದಿನಾಲ್ಕು ಕಡ್ಡಿ. ಎರಡು ಪಕ್ಕ. ಪ್ರತಿ ಕಡ್ಡಿಗೂ ಮೇಲಿನ ಪಟ್ಟಿಯಲ್ಲೊಂದು, ಕೆಳಗಿನ ಪಟ್ಟಿಯಲ್ಲೊಂದು ತೂತು. ಎಲ್ಲವೂ 10 ಎಂಎಂ ಅಗಲ, 15 ಎಂಎಂ ಆಳ. ಒಂದೇ ಒಂದು ತೂತು ಒಂದು ಎಂಎಂ ಆಚೀಚೆ ಆದರೂ ಸಾಕು, ಜೋಡಿಸುವಾಗ ಈ ಕಡೆ ಕೂರಿಸಿದರೆ ಆ ಕಡೆ ಎದ್ದೇಳುತ್ತದೆ.

ನನ್ನದು ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಮನೆಗೆ ಅಂಟಿಕೊಂಡಿರುವ ಸಣ್ಣ ಶೆಡ್. ಹೊಟ್ಟೆಪಾಡಿಗೆ ಅಡುಗೆಮನೆ ಕಪಾಟು, ವಾರ್ಡ್‌ರೋಬ್ ಮಾಡುತ್ತೇನೆ. ನಿಜವಾದ ಮರದ ಕೆಲಸ ಸಿಗುವುದು ವರ್ಷಕ್ಕೆ ನಾಲ್ಕೋ ಐದೋ. ಹಾಗಾಗಿ ಈ ತೊಟ್ಟಿಲಿಗೆ ಆಸೆಪಟ್ಟು ಹಲಸಿನ ಹಲಗೆ ತೆಗೆದೆ. ಚೇಳೂರು ಕಡೆಯಿಂದ ತಂದು ಎರಡು ವರ್ಷ ಅಟ್ಟದ ಮೇಲೆ ಒಣಗಿಸಿದ್ದ ಮರ. ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ನೋಡೋಕೆ ಅರಿಶಿನದ ಹಾಗೆ ಚೆಂದ. ಆದರೆ ಅದರ ಎಳೆ ಒಂದೇ ಕಡೆ ಓಡುವುದಿಲ್ಲ. ಇಲ್ಲಿ ಎಡಕ್ಕೆ ವಾಲಿದ್ದರೆ ಬೆರಳಗಲದ ಆಚೆ ಬಲಕ್ಕೆ. ಡ್ರಿಲ್ ಹಾಕುವವನಿಗೆ ಇದು ಒಳ್ಳೇ ಪರೀಕ್ಷೆ.

ಡ್ರಿಲ್‌ಗೆ ಸಿಕ್ಕಿಸುವ ಕೊರೆಯುವ ಮೊನೆಗೆ ಬಿಟ್ ಅನ್ನುತ್ತಾರೆ. ಮೊದಲು ಹಾಕಿದ್ದು ಕಬ್ಬಿಣಕ್ಕೆ ಬಳಸುವ ಸಾದಾ ಟ್ವಿಸ್ಟ್ ಬಿಟ್. ನಮ್ಮಲ್ಲಿ ಎಲ್ಲರೂ ಅದನ್ನೇ ಮರಕ್ಕೂ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ. ಅದರ ತುದಿ 118 ಡಿಗ್ರಿಯ ಕೋನ. ಹತ್ತಿರದಿಂದ ನೋಡಿದರೆ ನಟ್ಟನಡುವೆ ಚೂಪಾದ ಮೊನೆ ಇರುವುದಿಲ್ಲ, ಒಂದು ಸಣ್ಣ ಅಡ್ಡಗೆರೆ ಇರುತ್ತದೆ. ಆ ಅಡ್ಡಗೆರೆ ಕೊರೆಯುವುದಿಲ್ಲ, ಉಜ್ಜುತ್ತದೆ. ಕಬ್ಬಿಣದಲ್ಲಿ ಪಂಚ್ ಹೊಡೆದು ಗುಳಿ ಮಾಡಿಕೊಂಡರೆ ಅದು ಅಲ್ಲೇ ನಿಲ್ಲುತ್ತದೆ. ಮರದಲ್ಲಿ ಹಾಗಲ್ಲ. ಎಳೆ ಎಲ್ಲಿ ಮೆತ್ತಗಿದೆಯೋ ಅಲ್ಲಿಗೆ ಜಾರುತ್ತದೆ. ಒಂದು ಚೂರು ಮರದಲ್ಲಿ ಐದು ತೂತು ಹಾಕಿ ನೋಡಿದೆ, ಮೂರು ಗೆರೆ ಬಿಟ್ಟು ಆಚೆ ಹೋಗಿದ್ದವು.

ಸರಿ, ಮರಕ್ಕೆ ಅಂತಲೇ ಮಾಡಿದ ಬ್ರಾಡ್ ಪಾಯಿಂಟ್ ಬಿಟ್ ತರಿಸೋಣ ಅಂತ ಆನ್‌ಲೈನಲ್ಲಿ ಒಂದು ಸೆಟ್ ತರಿಸಿದೆ. ಬ್ರಾಡ್ ಅಂದರೆ ತಲೆ ಇದ್ದೂ ಇಲ್ಲದಂಥ ಸಣ್ಣ ಮೊಳೆ. ಬಿಟ್‌ನ ನಡುವೆ ಅಂಥದೊಂದು ಮುಳ್ಳು, ಎರಡು ಅಂಚಿನಲ್ಲಿ ಒಂದೊಂದು ಹಲ್ಲು. ನಮ್ಮ ಹುಡುಗರು ಮೂರ್ಮೊನೆ ಬಿಟ್ ಅನ್ನುತ್ತಾರೆ. 3 ಎಂಎಂನಿಂದ 10 ಎಂಎಂವರೆಗೆ ಎಂಟು ಬಿಟ್, ಚಿನ್ನದ ಬಣ್ಣ, ಪ್ಲಾಸ್ಟಿಕ್ ಡಬ್ಬಿ. ಮದುವೆ ಉಡುಗೊರೆ ಹಾಗಿತ್ತು.

ತೊಟ್ಟಿಲಿನ ಮೊದಲ ಪಟ್ಟಿಯಲ್ಲೇ ಎರಡು ತೂತು ಕೊರೆದೆ. ಜಾರಲಿಲ್ಲ, ಅದು ನಿಜ. ಆದರೆ ಹೊಗೆ ಬಂತು. ತೂತಿನ ಬಾಯಿ ಹರಿದ ಗೋಣಿಚೀಲದ ಅಂಚಿನ ಹಾಗೆ ಸಿಬರೆದ್ದಿತ್ತು. ಕಡ್ಡಿ ಇಟ್ಟರೆ ಲೊಡಲೊಡ. ವರ್ನಿಯರ್ ಅಳತೆಪಟ್ಟಿ ಹಿಡಿದರೆ 10.3 ಎಂಎಂ.

ನಮ್ಮ ಪಕ್ಕದ ಮನೆಯವರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾರ್ಖಾನೆ ಮುಚ್ಚಿಹೋಯಿತು, ಜಾಗವೂ ಈಗ ಇಸ್ರೋ ಕೈಲಿದೆ. ಇವರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ನನ್ನ ಬಿಟ್ ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿದರು. ಎರಡೇ ನಿಮಿಷ.

‘ಮಧ್ಯದ ಮುಳ್ಳು ಮಧ್ಯದಲ್ಲಿಲ್ಲ ಕಣಪ್ಪ’ ಅಂದರು. ‘ಒಂದು ಹಲ್ಲು ಉದ್ದ, ಒಂದು ಗಿಡ್ಡ. ಎರಡೂ ಮೊಂಡು.’

ನಾನೂ ಕಣ್ಣಿಟ್ಟು ನೋಡಿದೆ. ಹಲ್ಲು ಅಂತ ನಾನು ಅಂದುಕೊಂಡಿದ್ದು ಹಲ್ಲೇ ಅಲ್ಲ. ಸಾಣೆಕಲ್ಲು ನಡುವೆ ಗುಳಿ ತೋಡಿದಾಗ ಅಂಚಿನಲ್ಲಿ ಉಳಿದ ದಿಣ್ಣೆ ಅದು. ಅದಕ್ಕೆ ಅಲಗು ಅಂತಲೇ ಇರಲಿಲ್ಲ. ಮುಳ್ಳು ಪಕ್ಕಕ್ಕಿದ್ದದ್ದರಿಂದ ಬಿಟ್ ಓಲಾಡಿಕೊಂಡು ತಿರುಗಿದೆ, ತೂತು ದೊಡ್ಡದಾಗಿದೆ. ಉದ್ದದ ಹಲ್ಲೊಂದೇ ಎಲ್ಲ ಕೆಲಸ ಮಾಡಿದೆ, ಅದೂ ಉಜ್ಜಿ ಉಜ್ಜಿ. ಹೊಗೆ ಬರದೆ ಇನ್ನೇನು?

ಆ ಎರಡು ನಿಮಿಷದಲ್ಲಿ ನನಗೆ ಈ ಬಿಟ್‌ನ ಗುಟ್ಟು ಅರ್ಥವಾಯಿತು. ನಿಪ್ಪಟ್ಟು ಮಾಡುವಾಗ ಹಿಟ್ಟು ಲಟ್ಟಿಸಿ ಡಬ್ಬಿ ಮುಚ್ಚಳ ಒತ್ತಿ ದುಂಡಗೆ ಕತ್ತರಿಸುತ್ತಾರೆ ಅಲ್ವಾ? ಮುಚ್ಚಳದ ಅಂಚು ತೆಳ್ಳಗಿದ್ದರೆ ದುಂಡು ಬಿಲ್ಲೆ ಹಾಗೇ ಎದ್ದು ಬರುತ್ತದೆ. ಅಂಚು ದಪ್ಪ ಇದ್ದರೆ ಪಕ್ಕದ ಹಿಟ್ಟನ್ನೂ ಎಳೆದುಕೊಂಡು ಬರುತ್ತದೆ. ಇಲ್ಲೂ ಅಷ್ಟೇ. ನಡುವಿನ ಮುಳ್ಳು ಜಾಗ ಹಿಡಿದು ನಿಲ್ಲಬೇಕು. ಅಂಚಿನ ಹಲ್ಲು ಮೊದಲು ದುಂಡಗೆ ಗೆರೆ ಎಳೆದು ಮರದ ಎಳೆ ಕತ್ತರಿಸಬೇಕು. ಆಮೇಲೆ ಒಳಗಿನ ಅಲಗು ಆ ಗೆರೆಯೊಳಗಿನ ಮರವನ್ನು ಎತ್ತಿ ಹಾಕಬೇಕು. ಗೆರೆ ಬೀಳುವ ಮೊದಲೇ ಅಲಗು ಎತ್ತೋಕೆ ಶುರು ಮಾಡಿದರೆ ಪಕ್ಕದ ಎಳೆಯೂ ಕಿತ್ತು ಬರುತ್ತದೆ. ಸಿಬರು ಯಾವಾಗಲೂ ದುಂಡಿನ ಎರಡು ಕಡೆಯೇ ಜಾಸ್ತಿ ಏಳುತ್ತದೆ, ಬಿಟ್ ಎಳೆಗೆ ಅಡ್ಡ ಹಾಯುವ ಕಡೆ. ನಿಮ್ಮ ಹಳೇ ತೂತುಗಳನ್ನು ಒಮ್ಮೆ ನೋಡಿ, ಗೊತ್ತಾಗುತ್ತದೆ.

ಮಾರನೇ ದಿನ ಶರ್ಟ್ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಸಿಲ್ವರ್ ಓಕ್ ಚೂರು ಇಟ್ಟುಕೊಂಡು ಮಂಡಿಪೇಟೆಗೆ ಹೋದೆ. ಸಿಲ್ವರ್ ಓಕ್ ಯಾಕೆ ಅಂದರೆ ಮೆತ್ತಗಿನ ಮರ, ಮೊಂಡು ಹಲ್ಲನ್ನು ಅದು ಕ್ಷಮಿಸುವುದಿಲ್ಲ, ತಕ್ಷಣ ಸಿಬರೇಳುತ್ತದೆ. ಅಂಗಡಿಯವರಿಗೆ ಡ್ರಿಲ್ ಬೇಡ, ಕೈಯಲ್ಲೇ ನೋಡುತ್ತೇನೆ ಅಂದೆ. ಬಿಟ್ ಅನ್ನು ಮರದ ಮೇಲೆ ನೆಟ್ಟಗೆ ಒತ್ತಿ ಹಿಡಿದು ಬೆರಳಲ್ಲಿ ಎರಡು ಸುತ್ತು ತಿರುಗಿಸಿದೆ. ಮೊದಲನೆಯದು ನಡುವೆ ಒಂದು ಚುಕ್ಕಿ ಇಟ್ಟಿತು, ಸುತ್ತ ಏನೂ ಇಲ್ಲ. ಎರಡನೆಯದು ಅರ್ಧ ಚಂದ್ರ ಬರೆಯಿತು. ಅಂದರೆ ಒಂದೇ ಹಲ್ಲು ತಾಗುತ್ತಿದೆ, ಅಥವಾ ಬಿಟ್ ಡೊಂಕು. ನಾಲ್ಕನೆಯದು ಬ್ಲೇಡಿನಲ್ಲಿ ಗೀಚಿದ ಹಾಗೆ ಪೂರ್ತಿ ದುಂಡು ಗೆರೆ ಎಳೆಯಿತು. ಅದನ್ನು ಬದಿಗಿಟ್ಟೆ.

ಅಂಗಡಿಯವರು ನನ್ನನ್ನು ಹುಚ್ಚನ ಹಾಗೆ ನೋಡುತ್ತಿದ್ದರು. ಕೊನೆಗೆ ಅವರೇ ಒಳಗಿನಿಂದ ಇನ್ನೊಂದು ಪೆಟ್ಟಿಗೆ ತಂದು ‘ಇದನ್ನೂ ನೋಡಿ’ ಅಂದರು.

ಗೆರೆಯಾದ ಮೇಲೆ ಗಾಜು. ಅವರ ಕೌಂಟರ್ ಗಾಜಿನ ಮೇಲೆ ಬಿಟ್ ಉರುಳಿಸಿದೆ. ಡೊಂಕಿದ್ದರೆ ತುದಿ ಕುಣಿಯುತ್ತದೆ, ಕೆಳಗೆ ಬೆಳಕು ಮಿಣುಕುತ್ತದೆ. ನೆಟ್ಟಗಿದ್ದರೆ ಪೆನ್ಸಿಲ್ ಹಾಗೆ ಒಂದೇ ಸಮ ಉರುಳುತ್ತದೆ. ಆಮೇಲೆ ಉಗುರು. ಹೆಬ್ಬೆರಳ ಉಗುರಿನ ಮೇಲೆ ಹಲ್ಲನ್ನು ಹಗುರಕ್ಕೆ ಎಳೆದರೆ ತೆಳ್ಳನೆ ಪುಡಿ ಏಳಬೇಕು. ಸುಮ್ನೆ ಜಾರಿದರೆ ಅದಕ್ಕೆ ಅಲಗಿಲ್ಲ. ಹೆಂಡತಿ ನನ್ನ ಉಗುರು ನೋಡಿ ಇದೇನು ಅಂತ ಕೇಳಿದ್ದಳು.

ಮುಳ್ಳಿನಲ್ಲೂ ಎರಡು ಜಾತಿ. ನುಣುಪಾದದ್ದು ಒಂದು, ಸ್ಕ್ರೂ ಹಾಗೆ ಸುತ್ತು ಇರುವುದು ಇನ್ನೊಂದು. ಸುತ್ತು ಇರುವುದು ಮರದೊಳಕ್ಕೆ ತಾನೇ ಎಳೆದುಕೊಂಡು ಹೋಗುತ್ತದೆ. ಕೈಬೈರಿಗೆಗೆ ಅದು ಸರಿ. ಡ್ರಿಲ್ ಸ್ಟ್ಯಾಂಡಿನಲ್ಲಿ ಹಾಕಿದರೆ ವೇಗ ನಮ್ಮ ಕೈಲಿ ಇರುವುದಿಲ್ಲ, ಮರವನ್ನೇ ಎತ್ತಿಕೊಂಡು ಬರುತ್ತದೆ. ನಾನು ನುಣುಪು ಮುಳ್ಳಿನದ್ದೇ ತಂದೆ.

ಬಣ್ಣಕ್ಕೆ ಮರುಳಾಗಬೇಡಿ. ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಲೇಪ ನಿಜವಾದದ್ದಾದರೆ ಗಟ್ಟಿಯೇ. ಆದರೆ ಅದರ ದಪ್ಪ ಕೆಲವೇ ಮೈಕ್ರಾನ್. ಒಂದು ಸಲ ಸಾಣೆ ಹಿಡಿದರೆ ಅಲಗಿನ ಮೇಲೆ ಅದು ಉಳಿಯುವುದಿಲ್ಲ. ಮೊಂಡು ಹಲ್ಲಿಗೆ ಲೇಪ ಕೊಟ್ಟರೆ ಅದು ಚಿನ್ನದ ಬಣ್ಣದ ಮೊಂಡು ಹಲ್ಲು, ಅಷ್ಟೇ. ನೋಡಬೇಕಾದದ್ದು ಒಳಗಿನ ಉಕ್ಕು. ಎಚ್‌ಎಸ್‌ಎಸ್ ಅಂದರೆ ಹೈ ಸ್ಪೀಡ್ ಸ್ಟೀಲ್. ಅದರಲ್ಲಿ ಎಂ2 ಅನ್ನುವ ಬಗೆಯಲ್ಲಿ ಸುಮಾರು 6% ಟಂಗ್‌ಸ್ಟನ್, 5% ಮಾಲಿಬ್ಡಿನಮ್ ಇರುತ್ತದೆ. ಕೆಂಪಗಾಗುವ ಹತ್ತಿರ ಬಂದರೂ ಹದ ಬಿಡುವುದಿಲ್ಲ. ಸಾದಾ ಕಾರ್ಬನ್ ಸ್ಟೀಲ್ ಹಾಗಲ್ಲ. ತುದಿ ಒಂದು ಸಲ ನೀಲಿಗಟ್ಟಿತು ಅಂದರೆ 300 ಡಿಗ್ರಿ ಹತ್ತಿರ ಹೋಗಿ ಬಂದಿದೆ, ಮೆತ್ತಗಾಗಿದೆ. ಕ್ರೋಮ್ ವೆನೇಡಿಯಂ ಅನ್ನುವ ಉಕ್ಕಿನ ಬಿಟ್‌ಗಳನ್ನು ಬೈಯುವವರಿದ್ದಾರೆ. ನನ್ನ ಅನುಭವದಲ್ಲಿ ಹಲ್ಲು ಚೆನ್ನಾಗಿ ಕಡೆದಿದ್ದರೆ ಬೇವು, ಸಿಲ್ವರ್ ಓಕಿಗೆ ಅದೂ ಸಾಕು. ಹುಣಸೆ, ಹೊನ್ನೆ ಅಂತ ಹೋದರೆ ಎಚ್‌ಎಸ್‌ಎಸ್ ಬೇಕೇ ಬೇಕು. ಸನ್ಮೈಕಾ ಅಂಟಿಸಿದ ಪ್ಲೈಗೆ ದಿನವಿಡೀ ಕೊರೆಯುವವರು ಕಾರ್ಬೈಡ್ ತುದಿಯದ್ದು ಇಟ್ಟುಕೊಳ್ಳಲಿ, ಆ ಹಾಳೆ ಎಂಥ ಅಲಗನ್ನೂ ತಿನ್ನುತ್ತದೆ.

ಸೆಟ್ ಕೊಳ್ಳುವುದನ್ನು ನಾನು ಬಿಟ್ಟೆ. ನನ್ನ ಕೆಲಸಕ್ಕೆ ಬೇಕಾದದ್ದು ನಾಲ್ಕೇ: ಕಪಾಟಿನ ಹಲಗೆ ಕೂರುವ ಪಿನ್ನಿಗೆ 5, ಡೋವೆಲ್‌ಗೆ (ಎರಡು ಮರ ಜೋಡಿಸುವ ದುಂಡು ಗೂಟ) 6 ಮತ್ತು 8, ಮತ್ತೆ 10. ಅವತ್ತು 8 ಮತ್ತು 10 ಎರಡೇ ತಂದೆ. ಆ ಎರಡರ ದುಡ್ಡಿಗೆ ಚಿನ್ನದ ಡಬ್ಬಿ ಇನ್ನೂ ಎರಡು ಬರುತ್ತಿತ್ತು. ಅಳತೆ ಇಂಚಿನದೋ ಎಂಎಂನದೋ ಅಂತ ನೋಡಿಕೊಳ್ಳಿ. ಕಾಲು ಇಂಚು ಅಂದರೆ 6.35 ಎಂಎಂ. ‘ಎರಡೂ ಒಂದೇ ಸಾರ್’ ಅಂತ ಕೊಡುತ್ತಾರೆ. ಅದರಲ್ಲಿ ಕೊರೆದು 6 ಎಂಎಂ ಡೋವೆಲ್ ಇಟ್ಟರೆ ಗೋಂದು ಎಷ್ಟು ಸುರಿದರೂ ಸಡಿಲವೇ.

ತೊಟ್ಟಿಲಿಗೆ ಬರುತ್ತೇನೆ. ಹೊಸ 10 ಎಂಎಂ ಬಿಟ್ ಹಾಕಿ ಡ್ರಿಲ್ಲನ್ನು ಮೊದಲು ಹಿಂದಕ್ಕೆ ತಿರುಗುವಂತೆ ಇಟ್ಟು ಎರಡು ಸೆಕೆಂಡ್ ತಾಗಿಸುತ್ತಿದ್ದೆ. ಹಿಂದಕ್ಕೆ ತಿರುಗಿದರೆ ಅಲಗು ಎತ್ತುವುದಿಲ್ಲ, ಹಲ್ಲು ಮಾತ್ರ ಗೆರೆ ಎಳೆಯುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ ಒಳಗೆ. ಹಲಸಿನಲ್ಲಿ ಇದು ಬಹಳ ಕೆಲಸಕ್ಕೆ ಬಂತು. ವೇಗ ಒಂದೂವರೆ ಸಾವಿರ ಸುತ್ತಿನ ಆಸುಪಾಸು. ಕೈ ಡ್ರಿಲ್ಲುಗಳು ಪೂರ್ತಿ ಒತ್ತಿದರೆ ಮೂರು ಸಾವಿರದವರೆಗೂ ಓಡುತ್ತವೆ, ಅಷ್ಟು ಬೇಡ. ಅರ್ಧ ಇಳಿದ ಮೇಲೆ ಒಮ್ಮೆ ಹೊರಗೆಳೆದು ಹೊಟ್ಟು ಕೊಡವಬೇಕು. ಹೊಟ್ಟು ಪುಡಿಪುಡಿ ಬಂದರೆ ಮೊಂಡಾಗಿದೆ ಅಂತ ಲೆಕ್ಕ. ಸುರುಳಿ ಸುರುಳಿ ಚಕ್ಕೆ ಬಂದರೆ ಚೆನ್ನಾಗಿ ಓಡುತ್ತಿದೆ. ನನ್ನ ಕಾಲ ಹತ್ತಿರ ಹಳದಿ ಚಕ್ಕೆ ಚೆಂಡುಹೂವಿನ ಎಸಳಿನ ಹಾಗೆ ಬಿದ್ದಿತ್ತು.

ಆಳ ಅಳೆಯುವಾಗ ಒಂದು ಮಾತು. ಮುಳ್ಳು ಹಲ್ಲಿಗಿಂತ ಒಂದೂವರೆ ಎಂಎಂನಷ್ಟು ಮುಂದಿರುತ್ತದೆ. 18 ಎಂಎಂ ಪ್ಲೈನಲ್ಲಿ 17 ಎಂಎಂ ಆಳ ಇಡಬಹುದು ಅಂತ ಲೆಕ್ಕ ಹಾಕಿ ಒಬ್ಬರ ಹೊಸ ಕಪಾಟಿನ ಮುಂಭಾಗದಲ್ಲಿ ಆರು ಸೂಜಿ ತೂತು ಮಾಡಿದ್ದೇನೆ. ಆರಪಾರ ಕೊರೆಯುವಾಗ ಇದೇ ಮುಳ್ಳು ಉಪಕಾರಿ. ಹಿಂದೆ ಮುಳ್ಳಿನ ತುದಿ ಕಂಡ ತಕ್ಷಣ ನಿಲ್ಲಿಸಿ, ಹಲಗೆ ತಿರುಗಿಸಿ, ಆ ಚುಕ್ಕಿಯಿಂದ ಕೊರೆದರೆ ಎರಡು ಕಡೆಯೂ ಸಿಬರಿಲ್ಲ. ಆಗಲೇ ಇರುವ ತೂತನ್ನು ದೊಡ್ಡದು ಮಾಡೋಕೆ ಮಾತ್ರ ಈ ಬಿಟ್ ಹಾಕಬೇಡಿ. ಮುಳ್ಳಿಗೆ ಕಚ್ಚಿಕೊಳ್ಳೋಕೆ ನಡುವೆ ಮರವೇ ಇರುವುದಿಲ್ಲ, ಕುಣಿದುಬಿಡುತ್ತದೆ.

ಮೊಂಡಾದರೆ ಸಾಣೆ ಅಂಗಡಿಗೆ ಕೊಡಬೇಡಿ. ಒಮ್ಮೆ ಕೊಟ್ಟಿದ್ದೆ, ಮೂರೂ ಮೊನೆ ತಟ್ಟೆ ಇಡ್ಲಿ ಹಾಗೆ ಚಪ್ಪಟೆಯಾಗಿ ಬಂತು. ತೆಳ್ಳಗಿನ ಡೈಮಂಡ್ ಅರ ಒಂದು ಸಾಕು. ಬಿಟ್ ಅನ್ನು ವೈಸ್‌ನಲ್ಲಿ ತಲೆ ಮೇಲೆ ಮಾಡಿ ನಿಲ್ಲಿಸಿ, ಹಲ್ಲಿನ ಒಳಮೈಗೆ ಮಾತ್ರ ಉಜ್ಜಿ. ಹೊರಮೈ ಮುಟ್ಟಿದರೆ ಬಿಟ್ ಸಣ್ಣದಾಗುತ್ತದೆ, 8 ಎಂಎಂ ಬಿಟ್ 7.8 ಆಗಿ ಕೂರುತ್ತದೆ. ಈ ಹಲ್ಲಿಗೆ ನಾಲ್ಕು ಎಳೆತವಾದರೆ ಆ ಹಲ್ಲಿಗೂ ನಾಲ್ಕೇ. ನಾನು ಬಾಯಿ ಬಿಟ್ಟು ಎಣಿಸುತ್ತೇನೆ, ಆಗ ಯಾರೂ ಮಾತಾಡಿಸಬಾರದು. ನಡುವಿನ ಮುಳ್ಳಿನ ತಂಟೆಗೆ ಹೋಗುವುದಿಲ್ಲ. ಮತ್ತೆ ಮರದ ಮೇಲಿಟ್ಟು ಬೆರಳಲ್ಲಿ ತಿರುಗಿಸಿ ಗೆರೆ ನೋಡುತ್ತೇನೆ.

ಆ 8 ಎಂಎಂ ಬಿಟ್ ಈಗಿಲ್ಲ. ಗುಬ್ಬಿ ಕಡೆ ಕೆಡವಿದ ತೊಟ್ಟಿ ಮನೆಯ ತೊಲೆಯಲ್ಲಿ ಬೆಂಚು ಮಾಡುವಾಗ ಒಳಗೊಂದು ಹಳೇ ಮೊಳೆ ಕೂತಿತ್ತು. ಕಿರ್ ಅಂತು, ಒಂದು ಹಲ್ಲು ಹೋಯಿತು. ಎರಡು ವರ್ಷ ಸೊರಗದೆ ದುಡಿದ ಬಿಟ್, ಅವತ್ತು ಊಟ ಸೇರಲಿಲ್ಲ. ಈಗ ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್‌ಗೆ ದಾರ ಕಟ್ಟಿ ಹಳೇ ಮರದ ಮೇಲೆಲ್ಲ ಓಡಾಡಿಸಿಯೇ ಡ್ರಿಲ್ ಮುಟ್ಟುವುದು.

ತೊಟ್ಟಿಲಿನ ಉಳಿದ ಐವತ್ನಾಲ್ಕು ತೂತು ಒಂದೂವರೆ ದಿನದಲ್ಲಿ ಮುಗಿಯಿತು. ಕಡ್ಡಿಗಳು ಕೈಯಲ್ಲಿ ಒತ್ತಿದರೆ ಅರ್ಧ ಇಳಿದು, ಮರದ ಸುತ್ತಿಗೆಯ ಎರಡು ಏಟಿಗೆ ಕೂತವು. ಮೊದಲು ಚಿನ್ನದ ಬಿಟ್‌ನಲ್ಲಿ ಕೊರೆದಿದ್ದ ಎರಡು ತೂತಿಗೆ ಹೊಟ್ಟು, ಗೋಂದು ಕಲಸಿ ತುಂಬಿ ಅಲ್ಲೇ ಕಡ್ಡಿ ನಿಲ್ಲಿಸಿದೆ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ಹುಡುಗಿ ಒಂಬತ್ತು ತಿಂಗಳಿಗೆ ಕಡ್ಡಿ ಹಿಡಿದು ಎದ್ದು ನಿಲ್ಲೋಕೆ ಕಲಿತಳು. ಉಳಿದ ಇಪ್ಪತ್ತಾರು ಕಡ್ಡಿ ಬಿಟ್ಟು ಆ ಎರಡರಲ್ಲಿ ಒಂದನ್ನೇ ಹಿಡಿದು, ಕಿರಕಿರ ತಿರುಗಿಸುತ್ತಾ ನಿಂತಿರುತ್ತಾಳೆ.