ಮಾತು ಬಾಯಿಪಾಠ, ಪಾತ್ರ ನಾಪತ್ತೆ: ಸರಿಹೋದದ್ದು ಹೀಗೆ

ಚಿಕ್ಕಮಗಳೂರಿನ ಹೈಸ್ಕೂಲು ಮಕ್ಕಳ ನಾಟಕ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರು, ಹಣ್ಣು ಕೊಯ್ಯುವ ಹೆಂಗಸು, ಇಬ್ಬರದೂ ಒಂದೇ ರಾಗ. ನಾಟಕದ ಪ್ರತಿಯ ತುಂಬ ‘ಕೋಪದಿಂದ’, ‘ದುಃಖದಿಂದ’ ಎಂದು ಗುರುತು ಹಾಕಿಕೊಂಡಿದ್ದರು. ಭಾವವನ್ನೇ ಆಡಲು ಹೋದರೆ ಹುಬ್ಬು ಗಂಟಾಗುತ್ತದೆ, ದನಿ ಏರುತ್ತದೆ, ಅಷ್ಟೇ.

ಅವನ್ನೆಲ್ಲ ಹೊಡೆದುಹಾಕಿಸಿ, ಪ್ರತಿ ಮಾತಿನ ಪಕ್ಕ ಎದುರಿನವರ ಮೇಲೆ ಮಾಡುವ ಒಂದು ಕೆಲಸ ಬರೆಸಿದೆ: ಓಲೈಸು, ಹೆದರಿಸು, ತಪ್ಪಿಸು. ಸತತ 4 ಮಾತಿಗೆ ಒಂದೇ ಪದ ಬಂದರೆ ದೃಶ್ಯವನ್ನು ಸರಿಯಾಗಿ ಓದಿಲ್ಲ ಎಂದರ್ಥ.

ಆಮೇಲೆ ಮೈ. ಕೊಯ್ಲಿನವಳ ಸೊಂಟಕ್ಕೆ 3 ಕಿಲೋ ಮರಳಿನ ಚೀಲ. ತಲೆಯೆತ್ತರದ ಹಗ್ಗದಿಂದ ಬಟ್ಟೆ ಕ್ಲಿಪ್ಪುಗಳನ್ನು 10 ನಿಮಿಷ ಬಿಡಿಸಿ ಚೀಲಕ್ಕೆ ಹಾಕುತ್ತಲೇ ಮಾತಾಡಬೇಕು. ಉಸಿರು ತುಂಡಾದಲ್ಲೇ ವಿರಾಮ. ಬೆನ್ನು ಬಾಗಿಸಿ ‘ದಣಿವು’ ತೋರಿಸುವ ಚಾಳಿ ತಾನಾಗಿ ಹೋಯಿತು. ರೈಟರಿಗೆ ಹಾಜರಿ ಪುಸ್ತಕ: ಇಡೀ ದೃಶ್ಯದಲ್ಲಿ ತಲೆ ಎತ್ತುವುದು 3 ಸಲ, ಎಲ್ಲೆಂದು ಹುಡುಗನೇ ಆರಿಸಬೇಕು.

ಪಾತ್ರದ ಬಾಲ್ಯದ ಬಗ್ಗೆ ನಾಲ್ಕು ಪುಟ ಬರೆಸುವುದು ನನಗೆ ದಂಡವೆನಿಸಿತು. ರಂಗದ ಮೇಲೆ ಅದರಲ್ಲಿ ಒಂದು ಸಾಲೂ ಕಾಣಲಿಲ್ಲ. ಮಕ್ಕಳ ಸ್ವಂತ ನೋವನ್ನಂತೂ ಕೆದಕಲೇಬೇಡಿ. ಆ ಅಳು ಎರಡನೇ ಪ್ರದರ್ಶನಕ್ಕೆ ಕೈಕೊಡುತ್ತದೆ.