ನೀವು ಕಟ್ಟಿದ ಭಾಷೆಗೆ ಹೊರಗಿನ ಪದ ಒಗ್ಗಿಸುವುದು ಹೇಗೆ

ಸ್ವಂತ ಭಾಷೆ ಕಟ್ಟುವವರು ವ್ಯಾಕರಣಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ, ಲಿಪಿ ಬಿಡಿಸುತ್ತಾರೆ. ಹೊರಗಿನ ಪದ ಬಂದಾಗ ಮಾತ್ರ ಸುಮ್ನೆ ಬಾಯಿಗೆ ಬಂದಂತೆ ತಿದ್ದಿ ಮುಂದೆ ಹೋಗುತ್ತಾರೆ. ಭಾಷೆ ನಕಲಿ ಅನ್ನಿಸೋದು ಅಲ್ಲೇ. ನಾನು ಬಾಗಲಕೋಟೆಯಲ್ಲಿ ಕೂತು ‘ಸಮುಲಿ’ ಅನ್ನೋ ಭಾಷೆ ಕಟ್ಟುತ್ತಿದ್ದೇನೆ. ಪದ ಒಗ್ಗಿಸೋ ಕ್ರಮವನ್ನು ಕಲಿತದ್ದು ಹೆಚ್ಚಾಗಿ ಕನ್ನಡದಿಂದಲೇ.

ಮೊದಲು ದನಿಗಳ ಪಟ್ಟಿ ಗಟ್ಟಿ ಮಾಡಿಕೊಳ್ಳಿ. ಸಮುಲಿಯಲ್ಲಿ ವ್ಯಂಜನ ಹತ್ತು: ಪ ತ ಕ ಮ ನ ಸ ಲ ವ ಯ ಹ. ಸ್ವರ ಮೂರೇ: ಅ ಇ ಉ. ಒತ್ತಕ್ಷರ ಇಲ್ಲ. ಸ್ವರವಿಲ್ಲದೆ ನಿಲ್ಲಬಲ್ಲದ್ದು ‘ನ್’ ಒಂದೇ. ತೀರಾ ಕಡಿಮೆ ಆಯ್ತು ಅನ್ನಿಸುತ್ತಾ? ಹವಾಯಿ ಭಾಷೆಯಲ್ಲಿ ಇರೋದು 8 ವ್ಯಂಜನ. ‘ಮೆರಿ ಕ್ರಿಸ್‌ಮಸ್’ ಅಲ್ಲಿ ‘ಮೆಲೆ ಕಲಿಕಿಮಕ’. ರ ಇಲ್ಲದ್ದಕ್ಕೆ ಲ, ಸ ಇಲ್ಲದ್ದಕ್ಕೆ ಕ.

ಪದವನ್ನು ಕಿವಿಯಿಂದ ತಗೊಳ್ಳಿ, ಸ್ಪೆಲಿಂಗ್ ನೋಡಿ ಬೇಡ. ಯಾರ ಬಾಯಿಂದ ಬಂತು ಅನ್ನೋದನ್ನೂ ಗೊತ್ತು ಮಾಡಿಕೊಳ್ಳಿ. 2001ರಲ್ಲಿ ಸೋನ್ಯಾ ಲ್ಯಾಂಗ್ ತಾವೇ ಕಟ್ಟಿ ಹೊರತಂದ ಟೋಕಿ ಪೋನಾ ಅನ್ನೋ ಭಾಷೆಯಲ್ಲಿ ನಮ್ಮ ದೇಶ ‘ಪಲತ’. ಅದು ಇಂಡಿಯಾದಿಂದ ಬಂದದ್ದಲ್ಲ, ಭಾರತದಿಂದ.

ಆಮೇಲೆ ನಿಯಮಗಳನ್ನು ಸಾಲಾಗಿ ಬರೆದಿಡಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ತುಂಬಾ ಮುಖ್ಯ. ಸಮುಲಿಯಲ್ಲಿ ‘ತಿ’ ಕೂಡದು, ಅದು ‘ಸಿ’ ಆಗಬೇಕು. ಈಗ ‘ಬಾಗಲಕೋಟೆ’ ತಗೊಳ್ಳಿ. ಇಲ್ಲದ ದನಿಗಳನ್ನು ಮೊದಲು ಬದಲಿಸಿದರೆ ‘ಪಕಲಕುತಿ’. ಅದರ ಮೇಲೆ ‘ತಿ’ ನಿಯಮ ಹಾಕಿದರೆ ‘ಪಕಲಕುಸಿ’. ಸಾಲು ತಿರುಗಿಸಿದರೆ ಏನಾಗುತ್ತೆ? ‘ತಿ’ ನಿಯಮ ಓಡುವಾಗ ಅಲ್ಲಿ ಇನ್ನೂ ‘ಟೆ’ ಇರುತ್ತೆ, ಅದಕ್ಕೆ ಕೆಲಸವೇ ಇರಲ್ಲ. ಕೊನೆಗೆ ನಿಮ್ಮ ಭಾಷೆ ಒಪ್ಪದ ‘ತಿ’ ಹಾಗೇ ಉಳಿಯುತ್ತೆ.

ಕೊನೆಯ ವ್ಯಂಜನಕ್ಕೆ ಸ್ವರ ಸೇರಿಸುವಾಗಲೂ ಒಂದು ಪದ್ಧತಿ ಇರಲಿ. ಕನ್ನಡ ನೋಡಿ: ಬಸ್ಸು, ಪೆನ್ನು. ಆದರೆ ಕಾರು, ರೋಡು. ಕೊನೆಯ ವ್ಯಂಜನದ ಹಿಂದಿನ ಸ್ವರ ಗಿಡ್ಡವಿದ್ದರೆ ವ್ಯಂಜನ ಇಮ್ಮಡಿ, ಉದ್ದವಿದ್ದರೆ ಒಂಟಿ. ಇದನ್ನು ನಮಗೆ ಯಾರೂ ಕಲಿಸಲಿಲ್ಲ, ಆದರೂ ನಾವು ತಪ್ಪು ಮಾಡಲ್ಲ, ಅಲ್ವಾ? ಜಪಾನಿಯಲ್ಲೂ ‘ಬೆಡ್’ ಅನ್ನೋದು ‘ಬೆಡ್ಡೊ’ ಆಗಿದೆ.

ಇನ್ನು ನನಗೆ ಜಾಸ್ತಿ ಇಷ್ಟವಾದ ಭಾಗ. ಎಲ್ಲ ಪದಗಳೂ ಒಂದೇ ಕಾಲಕ್ಕೆ ಬಂದಂತೆ ಕಾಣಬಾರದು. ನಮ್ಮ ಜಿಲ್ಲೆಯ ಬಾದಾಮಿಯ ಹಳೆಯ ಹೆಸರು ವಾತಾಪಿ. ಕ್ರಿ.ಶ. 543ರಲ್ಲಿ ಒಂದನೇ ಪುಲಕೇಶಿ ಬಂಡೆಯ ಮೇಲೆ ಕೆತ್ತಿಸಿದ ಶಾಸನ ಅಲ್ಲೇ ಇದೆ. ವಾತಾಪಿಯ ಮೊದಲಿನ ವ ಹೋಗಿ ಬ ಆಯ್ತು, ನಡುವಿನ ತ ಮೆತ್ತಗಾಗಿ ದ ಆಯ್ತು, ಪ ಹೋಗಿ ಮ ಬಂತು. ‘ವಸತಿ’ ಅನ್ನೋ ಸಂಸ್ಕೃತ ಪದದಲ್ಲೂ ವ ಮತ್ತು ತ ಹೀಗೇ ಬದಲಾಗಿ ‘ಬಸದಿ’ ಆಯ್ತು. ಆದರೆ ಅದೇ ವಸತಿ ಕನ್ನಡಕ್ಕೆ ಮತ್ತೊಮ್ಮೆ ಬಂತು. ಆ ಹೊತ್ತಿಗೆ ಹಳೆಯ ಬದಲಾವಣೆ ನಿಂತಿತ್ತು. ಹಾಗಾಗಿ ಐಹೊಳೆಯ ಗುಡ್ಡದ ಮೇಲೆ ಮೇಗುತಿ ಬಸದಿ, ಬಾಗಲಕೋಟೆಯ ಹಾಸ್ಟೆಲ್ ಬೋರ್ಡಿನ ಮೇಲೆ ವಸತಿ ನಿಲಯ. ಒಂದೇ ಪದ, ಎರಡು ವಯಸ್ಸು.

ನಿಮ್ಮ ಭಾಷೆಗೂ ಇಂಥ ಒಂದು ಹಳೆಯ ಬದಲಾವಣೆ ಇಟ್ಟುಕೊಳ್ಳಿ, ಒಂದೇ ಸಾಕು. ಸಮುಲಿಯಲ್ಲಿ ಒಂದು ಕಾಲಕ್ಕೆ ಎರಡು ಸ್ವರಗಳ ನಡುವಿನ ಪ ಸಡಿಲವಾಗಿ ವ ಆಯ್ತು ಅಂತ ಇಟ್ಟಿದ್ದೇನೆ. ಅದಕ್ಕೂ ಮುಂಚೆ ಬಂದ ‘ದೀಪ’ ಈಗ ‘ಸಿವ’. ಆಮೇಲೆ ಬಂದ ‘ಪೇಪರ್’ ಮಾತ್ರ ‘ಪಿಪಲು’ ಆಗಿಯೇ ಉಳಿದಿದೆ. ಪದಕೋಶದಲ್ಲಿ ಪ್ರತಿ ಎರವಲು ಪದದ ಪಕ್ಕ ‘ಹಳೆ’ ಅಥವಾ ‘ಹೊಸ’ ಅಂತ ಮೊದಲ ದಿನದಿಂದಲೇ ಬರೆದಿಡಿ. ಪದಗಳು ನೂರು ದಾಟಿದ ಮೇಲೆ ಇದನ್ನು ನೆನಪಿನಿಂದ ಬಿಡಿಸೋದು ಆಗದ ಮಾತು.